ಇಲ್ಲದ ರೆಗ್ಯುಲೇಟರ್‌ಗೆ ಕರ್ನಲ್ ಕೊಟ್ಟ ಉತ್ತರ

ಬೋರ್ಡಿನ ಮೇಲಿರುವ ಪ್ರತಿ ಚಿಪ್‌ಗೂ ವಿದ್ಯುತ್ ಬೇಕು; ಆ ವಿದ್ಯುತ್ತು ಸಾಫ್ಟ್‌ವೇರಿನ ಹಿಡಿತದಲ್ಲಿರಲೇಬೇಕೆಂದಿಲ್ಲ. ಒಂದೇ ಸೆನ್ಸರ್ ಒಂದು ಫೋನಿನಲ್ಲಿ ಬೇಕಾದಾಗ ಆರಿಸಬಹುದಾದ ರೆಗ್ಯುಲೇಟರ್‌ಗೆ ಸೇರಿದ್ದರೆ, ಅಗ್ಗದ ಬೋರ್ಡೊಂದರಲ್ಲಿ ಸದಾ ಹರಿಯುವ 3.3 ವೋಲ್ಟ್ ಸಾಲಿಗೆ ನೇರವಾಗಿ ಬೆಸೆದಿರುತ್ತದೆ. ಎರಡಕ್ಕೂ ಡ್ರೈವರ್ ಒಂದೇ. ಎರಡನೆಯ ಬೋರ್ಡಿನಲ್ಲಿ ಅದು ರೆಗ್ಯುಲೇಟರ್ ಕೇಳಿದಾಗ ಲಿನಕ್ಸ್ ಕರ್ನಲ್ ಏನೆಂದು ಉತ್ತರಿಸಬೇಕು?

2008ರಲ್ಲಿ 2.6.27 ಆವೃತ್ತಿಯೊಂದಿಗೆ ಬಂದ ರೆಗ್ಯುಲೇಟರ್ ಚೌಕಟ್ಟಿನ ಮೊದಲ ಉತ್ತರ ದೋಷ ಸಂಕೇತವಾಗಿತ್ತು. ಇದರಿಂದ ಡ್ರೈವರ್ ಬರೆಯುವವರ ಮುಂದೆ ಎರಡು ಕೆಟ್ಟ ದಾರಿಗಳು ಉಳಿದವು: ಚೆನ್ನಾಗಿರುವ ಸಾಧನವನ್ನೂ ಕೈಬಿಡುವುದು, ಇಲ್ಲವೇ ಬಂದ ದೋಷಗಳನ್ನೆಲ್ಲ ನುಂಗಿಕೊಳ್ಳುವುದು. 2013ರ ಬದಲಾವಣೆಗಳು ಇದಕ್ಕೆ ಪರಿಹಾರ ತಂದವು. ಬೋರ್ಡಿನ ವಿವರಣೆಯಾದ ಡಿವೈಸ್ ಟ್ರೀಯಲ್ಲಿ ಪೂರೈಕೆಯ ಉಲ್ಲೇಖವಿಲ್ಲದಿದ್ದರೆ ಕರ್ನಲ್ ಲಾಗಿನಲ್ಲಿ ಒಂದು ಸಾಲು ಬರೆದು, ಡಮ್ಮಿ ರೆಗ್ಯುಲೇಟರ್ ಒಂದನ್ನು ಕೈಗಿಡುತ್ತದೆ. ಆನ್ ಮಾಡು ಎಂದರೆ ಅದು ಸರಿ ಎನ್ನುತ್ತದೆ, ಡ್ರೈವರ್ ಮುಂದುವರಿಯುತ್ತದೆ.

ಈ ನಿರ್ಧಾರ ಸರಿಯಾದದ್ದು, ಏಕೆಂದರೆ ಅದರ ತರ್ಕ ಭೌತಿಕ ಸತ್ಯವನ್ನು ಆಧರಿಸಿದೆ. ಮನೆಯ ನಕ್ಷೆಯಲ್ಲಿ ಬಾವಿ ಬರೆದಿಲ್ಲವೆಂದರೆ ಮನೆಗೆ ನೀರಿಲ್ಲ ಎಂದಲ್ಲ. ಚಿಪ್‌ಗೆ ಏನು ಬೇಕೆಂಬುದನ್ನು ಡ್ರೈವರ್ ಹೇಳಲಿ, ಅದು ಎಲ್ಲಿಂದ ಬರುತ್ತದೆಂಬುದನ್ನು ಬೋರ್ಡಿನ ವಿವರಣೆ ಹೇಳಲಿ ಎಂಬ ಹೊಣೆ ಹಂಚಿಕೆಯೂ ಇದರಿಂದ ಗಟ್ಟಿಯಾಯಿತು.

ಆದರೂ ಡಮ್ಮಿಗೆ ಬೆಲೆ ತೆರಬೇಕಾಗುತ್ತದೆ. ನಿಯಂತ್ರಿಸಬಲ್ಲ ರೆಗ್ಯುಲೇಟರ್ ನಿಜವಾಗಿಯೂ ಇದ್ದು, ಸಾಧನದ ವಿವರಣೆಯಲ್ಲಿ ಅದರ ಕೊಂಡಿ ಮಾತ್ರ ಬಿಟ್ಟುಹೋಗಿದೆ ಎನ್ನೋಣ. ಡ್ರೈವರ್ ಡಮ್ಮಿಯನ್ನು ಹಿಡಿದುಕೊಂಡಿರುತ್ತದೆ, ಅಸಲಿ ರೆಗ್ಯುಲೇಟರ್‌ಗೆ ಬಳಕೆದಾರರೇ ಇರುವುದಿಲ್ಲ. ಬೂಟ್ ಮುಗಿದು ಸುಮಾರು 30 ಸೆಕೆಂಡಿಗೆ ಕರ್ನಲ್ ಬಳಕೆಯಲ್ಲಿಲ್ಲದ ರೆಗ್ಯುಲೇಟರ್‌ಗಳನ್ನು ಆರಿಸುತ್ತದೆ. ಅಲ್ಲಿಯವರೆಗೆ ಸರಿಯಾಗಿ ನಡೆದ ಸಾಧನ ಸತ್ತುಹೋಗುತ್ತದೆ. ಕಾರಣ ಲಾಗಿನ ಆ ಒಂದು ಸಾಲಿನಲ್ಲಿದೆ. ನಿರುಪದ್ರವಿ ಬೋರ್ಡುಗಳಲ್ಲೂ ಅದೇ ಸಾಲು ಬರುವುದರಿಂದ ಓದುವ ಕಣ್ಣು ಅದನ್ನು ದಾಟಿಹೋಗುತ್ತದೆ.

ಹೆಚ್ಚಿನ ತೊಡಕಿರುವುದು 'ರೆಗ್ಯುಲೇಟರ್_ಗೆಟ್_ಆಪ್ಷನಲ್' ಎಂಬ ಇನ್ನೊಂದು ಕರೆಯಲ್ಲಿ. ಪೂರೈಕೆ ನಿಜವಾಗಿಯೂ ಇಲ್ಲದಿರಬಹುದಾದ ಕಡೆಗೆ ಇದು ಮೀಸಲು. ಮೆಮೊರಿ ಕಾರ್ಡುಗಳನ್ನು ನೋಡಿಕೊಳ್ಳುವ ಎಂಎಂಸಿ ಉಪವ್ಯವಸ್ಥೆಗೆ ಇದು ನ್ಯಾಯವಾಗಿಯೇ ಬೇಕು: ಕಾರ್ಡಿಗೆ ಯಾವ ವೋಲ್ಟೇಜ್‌ಗಳು ಸಿಗುತ್ತವೆಂದು ಅದು ತಿಳಿಯಬೇಕು, ಡಮ್ಮಿ ಅದನ್ನು ಹೇಳಲಾರದು. ಬೋರ್ಡಿನ ಮೇಲೆ ನೇರ ತಂತಿಯಿದೆ ಎಂಬ ಕಾರಣಕ್ಕೇ ಇದನ್ನು ಬಳಸುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಬಂದ ಪ್ರತಿ ದೋಷವನ್ನೂ 'ಇಲ್ಲ' ಎಂದು ಓದುವುದು. 'ಇನೋಡೆವ್' ಎಂದರೆ ಇಲ್ಲ. 'ಇಪ್ರೋಬ್_ಡಿಫರ್' ಎಂದರೆ ಇನ್ನೂ ಬಂದಿಲ್ಲ, ಮತ್ತೆ ಕೇಳು. ಇವೆರಡನ್ನು ಬೆರೆಸಿದ ಡ್ರೈವರ್ ವಿದ್ಯುತ್ ಬರುವ ಮೊದಲೇ ಚಿಪ್ಪನ್ನು ಮುಟ್ಟುತ್ತದೆ. ಲೋಡ್ ಆಗುವ ಕ್ರಮಕ್ಕೆ ತಕ್ಕಂತೆ ಒಮ್ಮೆ ಗೆದ್ದು ಒಮ್ಮೆ ಸೋಲುವ ದೋಷ ಹುಟ್ಟುತ್ತದೆ.

ಈ ಗೊಂದಲಕ್ಕೆ ಚೌಕಟ್ಟಿನ ವಿನ್ಯಾಸವೂ ಹೊಣೆ. ಕ್ಲಾಕ್, ಜಿಪಿಐಒ, ರೀಸೆಟ್ ಚೌಕಟ್ಟುಗಳ ಆಪ್ಷನಲ್ ಕರೆಗಳು ಸಾಧನವಿಲ್ಲದಾಗ 'ನಲ್' ಕೊಡುತ್ತವೆ, ಮುಂದಿನ ಕರೆಗಳು ಅದನ್ನು ಸದ್ದಿಲ್ಲದೆ ಒಪ್ಪುತ್ತವೆ, ದೋಷವೆಂದರೆ ದೋಷವೇ. ರೆಗ್ಯುಲೇಟರ್ ಮಾತ್ರ ಅದೇ ಹೆಸರಿನಡಿ ಬೇರೆ ನಿಯಮ ಪಾಲಿಸುತ್ತದೆ. ನಾಲ್ಕನ್ನೂ ಒಂದೇ ಡ್ರೈವರಿನಲ್ಲಿ ಬಳಸುವವರು ಎಡವುವುದು ಸಹಜ.

ಡಮ್ಮಿ ಉಳಿಯಬೇಕು, ಆಪ್ಷನಲ್ ಕರೆಯ ನಡತೆ ಬದಲಾಗಬೇಕು. ಅದು ಬದಲಾಗುವವರೆಗೆ ಪರಿಶೀಲಕರು 'ಇನೋಡೆವ್' ಒಂದನ್ನು ಬಿಟ್ಟು ಉಳಿದೆಲ್ಲ ದೋಷಗಳನ್ನು ಮೇಲಕ್ಕೆ ಕಳಿಸದ ಡ್ರೈವರನ್ನು ಒಪ್ಪಬಾರದು.