ಗಣಕದ ಶ್ರವಣ: 'ತತ್ಕ್ಷಣ'ವೆಂಬ ಮಾತಿನ ಅರ್ಥ

ಆಡಿದ ಮಾತನ್ನು ಕೇಳಿ ಬರಹಕ್ಕಿಳಿಸುವ ಕಾರ್ಯವನ್ನು ಸಾಧಾರಣ ಗಣಕಯಂತ್ರವೂ ಈಗ ತತ್ಕ್ಷಣದಲ್ಲಿಯೇ ನೆರವೇರಿಸಬಲ್ಲದೆಂದು ಹೇಳುವುದುಂಟು. ಈ ಸಾಧನೆಯನ್ನು ನಾವು ಅಲ್ಲಗಳೆಯುವವರಲ್ಲ. ಆದರೆ 'ತತ್ಕ್ಷಣ'ವನ್ನು ಯಾವ ಅಳತೆಗೋಲಿನಿಂದ ಅಳೆಯಲಾಗಿದೆ, ಆ ಕೋಲು ಕನ್ನಡಕ್ಕೂ ಸಲ್ಲುವುದೇ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

1976ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ 'ಹಾರ್ಪಿ' 1,011 ಪದಗಳನ್ನು ಗುರುತಿಸುತ್ತಿತ್ತು. ಅದಕ್ಕೆ ಮಾತಿನ ಅವಧಿಗಿಂತ ಹಲವು ಪಟ್ಟು ಕಾಲ ಬೇಕಾಗುತ್ತಿತ್ತು. ಅಲ್ಲಿಯೇ ಸಿದ್ಧವಾದ 'ಪಾಕೆಟ್‌ಸ್ಫಿಂಕ್ಸ್' 2006ರಲ್ಲಿ, ಸುಮಾರು ಅಷ್ಟೇ ಪದಸಂಪತ್ತಿನ ಇಂಗ್ಲಿಷನ್ನು 206 ಮೆಗಾಹರ್ಟ್ಸ್‌ನ ಅಂಗೈ ಯಂತ್ರದಲ್ಲಿ ಮಾತಿನ ಅವಧಿಯ 0.87 ಪಾಲಿನಲ್ಲಿ ಬಿಡಿಸಿತು. 2022ರಲ್ಲಿ ಓಪನ್‌ಎಐ ಸಂಸ್ಥೆ 'ವಿಸ್ಪರ್' ಅನ್ನು ಪ್ರಕಟಿಸಿತು. ಅದೇ ವರ್ಷ ಗೆಯೋರ್ಗಿ ಗೆರ್ಗಾನೊವ್ ಅದನ್ನು ಸಿ ಮತ್ತು ಸಿ++ ಭಾಷೆಗಳಲ್ಲಿ ಮರುರಚಿಸಿ, ವಿಶೇಷ ಉಪಕರಣವಿಲ್ಲದ ಗಣಕಗಳಲ್ಲಿಯೂ ನಡೆಯುವಂತೆ ಮಾಡಿದರು. ಆಡಿದವನ ಧ್ವನಿ ಅವನ ಕೊಠಡಿಯನ್ನು ಬಿಟ್ಟು ಹೋಗಬೇಕಾಗಿಲ್ಲವೆಂಬುದು ಇದರ ದೊಡ್ಡ ಗುಣ.

ಗಣನೆಗೆ ಹಿಡಿದ ಕಾಲವನ್ನು ಮಾತಿನ ಅವಧಿಯಿಂದ ಭಾಗಿಸಿ, ಬಂದ ಫಲ ಒಂದಕ್ಕಿಂತ ಕಡಿಮೆಯಾದರೆ ಅದನ್ನು ತತ್ಕ್ಷಣವೆನ್ನುವುದು ರೂಢಿ. ಈ ಭಾಗಲಬ್ಧವು ಒಟ್ಟು ಶ್ರಮವನ್ನು ತಿಳಿಸುವುದೇ ಹೊರತು ಕಾಯುವಿಕೆಯನ್ನು ತಿಳಿಸದು. ವಿಸ್ಪರ್ ಧ್ವನಿಯನ್ನು 30 ಸೆಕೆಂಡುಗಳ ತುಂಡಾಗಿ ಗ್ರಹಿಸುವಂತೆ ರಚಿತವಾದುದು. ಮೂರೇ ಸೆಕೆಂಡಿನ ಮಾತಿಗೂ ಉಳಿದ ಭಾಗವನ್ನು ಮೌನದಿಂದ ತುಂಬಿ ಪೂರ್ಣ ತುಂಡನ್ನೇ ಸಂಸ್ಕರಿಸುತ್ತದೆ. ಕಿವಿ ಕೇಳದ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಪಾಠವನ್ನು ತೆರೆಯ ಮೇಲೆ ಓದುತ್ತಿರುವನೆಂದು ಭಾವಿಸೋಣ. ಸಾಲು ಮೂಡುವ ವೇಳೆಗೆ ಅಧ್ಯಾಪಕರು ಕಪ್ಪುಹಲಗೆಯನ್ನು ಒರೆಸಿಬಿಟ್ಟಿದ್ದರೆ, ಮೇಲ್ಕಂಡ ಭಾಗಲಬ್ಧದಿಂದ ಅವನಿಗೇನು ಪ್ರಯೋಜನ?

ಕನ್ನಡದ ಮಟ್ಟಿಗೆ ತೊಡಕು ಇನ್ನೂ ಹೆಚ್ಚಿನದು. ಯಂತ್ರವು ಬರಹವನ್ನು ತುಣುಕು ತುಣುಕಾಗಿ ಹೊರಡಿಸುತ್ತದೆ. ಪ್ರತಿಯೊಂದು ತುಣುಕಿಗೂ ಒಂದು ಸುತ್ತಿನ ಗಣನೆ ತಗಲುತ್ತದೆ. ಇಂಗ್ಲಿಷಿನ ಬಳಕೆಯ ಪದವೊಂದು ಬಹುಮಟ್ಟಿಗೆ ಒಂದೇ ತುಣುಕು. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು: 'ಕನ್ನಡ'ವೆಂಬ ಪದಕ್ಕೆ 15 ಬೈಟು, ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ 7. ಬೈಟುಗಳನ್ನು ದೊಡ್ಡ ತುಣುಕುಗಳಾಗಿ ಬೆಸೆಯುವ ಪಟ್ಟಿಯಾದರೋ ಹೆಚ್ಚು ದೊರೆತ ಭಾಷೆಗಳ ಕಡೆಗೇ ವಾಲಿರುತ್ತದೆ. ವಿಸ್ಪರ್ ಕಲಿತ 6,80,000 ಗಂಟೆಗಳ ಧ್ವನಿಯಲ್ಲಿ ಇಂಗ್ಲಿಷೇತರ 96 ಭಾಷೆಗಳ ಪಾಲು 1,17,000 ಗಂಟೆ ಮಾತ್ರ. ಆದುದರಿಂದ ಅಷ್ಟೇ ಅವಧಿಯ ಮಾತಿಗೆ ಕನ್ನಡದಲ್ಲಿ ಹೆಚ್ಚು ಸುತ್ತುಗಳು ಬೇಕಾಗುತ್ತವೆ.

ಇದರ ಜೊತೆಗೆ ಗಾತ್ರದ ಪ್ರಶ್ನೆಯೂ ಇದೆ. ವಿಸ್ಪರಿನ ಅತಿ ಚಿಕ್ಕ ರೂಪದಲ್ಲಿ 3.9 ಕೋಟಿ, ದೊಡ್ಡದರಲ್ಲಿ 155 ಕೋಟಿ ಅಂಕಗಳಿವೆ. ಸಾಧಾರಣ ಗಣಕದಲ್ಲಿ ಚುರುಕಾಗಿ ಓಡುವುದು ಚಿಕ್ಕದು. ಕಡಿಮೆ ಕಲಿತ ಭಾಷೆಗಳಲ್ಲಿ ಹೆಚ್ಚು ತಪ್ಪುವುದೂ ಅದೇ. ಇಂಗ್ಲಿಷಿನವನು ಚಿಕ್ಕದರಿಂದ ತೃಪ್ತನಾಗಬಹುದು. ಕನ್ನಡಿಗನು ದೊಡ್ಡದನ್ನು ಆಶ್ರಯಿಸಬೇಕಾಗುತ್ತದೆ, ಆಗ ಅವನ ಯಂತ್ರ ಏದುಸಿರು ಬಿಡುತ್ತದೆ.

ಆದಕಾರಣ ವೇಗವನ್ನು ಸಾರುವವರು ಯಾವ ಯಂತ್ರ, ಯಾವ ಭಾಷೆ, ಯಾವ ಗಾತ್ರ, ಎಷ್ಟು ತಪ್ಪು ಎಂಬುದನ್ನು ಹೇಳಬೇಕು. ಮಾತು ಮುಗಿದ ಮೇಲೆ ಬರಹ ಮೂಡಲು ಹಿಡಿದ ಕಾಲವನ್ನು ಬೇರೆಯಾಗಿ ನಮೂದಿಸಬೇಕು. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಾದರೂ ಈ ಪದ್ಧತಿ ಮೊದಲಾಗಲಿ. ಇಂಗ್ಲಿಷಿನ ಗಡಿಯಾರವನ್ನು ನೋಡಿ ಕನ್ನಡದ ಹೊತ್ತನ್ನು ಹೇಳುವುದು ಶಾಸ್ತ್ರಸಮ್ಮತವಲ್ಲ. ತರಗತಿಯಲ್ಲಿ ತೆರೆಯನ್ನೇ ನೋಡುತ್ತ ಕುಳಿತ ಆ ವಿದ್ಯಾರ್ಥಿಗೆ ನ್ಯಾಯವೂ ಅಲ್ಲ.