ಒಂದು ಧಾಟಿ, ಹಲವು ಕವಿಗಳು

ನಮ್ಮ ನಾಟಕದ ಹಾಡುಗಳ ಹಳೆಯ ಪುಸ್ತಕಗಳನ್ನು ತೆರೆದರೆ, ಹಾಡಿನ ನೆತ್ತಿಯ ಮೇಲೆ 'ಇಂಥ ಪದದ ಮಟ್ಟು' ಎಂಬ ಸೂಚನೆ ಅನೇಕ ಕಡೆ ಕಂಡುಬರುತ್ತದೆ. ಒಬ್ಬ ಕವಿಯ ಮಾತಿಗಾಗಿ ಹುಟ್ಟಿದ ಧಾಟಿಯನ್ನು ಮತ್ತೊಬ್ಬನು ತನ್ನ ಮಾತಿಗೆ ಎರವಲು ಪಡೆಯುವುದು ನಮ್ಮಲ್ಲಿ ದೋಷವೆನಿಸಿಲ್ಲ. ಪಾಶ್ಚಾತ್ಯರ ಕ್ರೈಸ್ತ ಗೀತಪುಸ್ತಕಗಳಲ್ಲಿ ಈ ಪದ್ಧತಿ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅಲ್ಲಿ ಧಾಟಿಗೆ ಒಂದು ಹೆಸರು, ಮಾತಿಗೆ ಮತ್ತೊಂದು ಹೆಸರು. ಅಕ್ಷರಗಳ ಎಣಿಕೆ ಒಂದೇ ಆಗಿದ್ದರೆ ಯಾವ ಮಾತನ್ನಾದರೂ ಆ ಧಾಟಿಗೆ ಕೂಡಿಸಬಹುದು. ಹಾಗೆ ಕೂಡಿಸಬಹುದಾದುದೆಲ್ಲವೂ ನಿಜವಾಗಿ ಕೂಡುತ್ತದೆಯೇ? ಇದೇ ನಮ್ಮ ಪ್ರಶ್ನೆ. ಇದನ್ನು 'ಓಲ್ಡ್ ಹಂಡ್ರೆಡ್ತ್', ಎಂದರೆ 'ಹಳೆಯ ನೂರನೆಯದು' ಎಂಬ ಪ್ರಸಿದ್ಧ ಧಾಟಿಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

ಈ ಧಾಟಿ ಮೊದಲು ಅಚ್ಚಾದುದು 1551ರಲ್ಲಿ, ಜಿನೀವಾ ನಗರದ ಫ್ರೆಂಚ್ ಕೀರ್ತನಸಂಗ್ರಹದಲ್ಲಿ. ಆಗ ಇದು ನೂರನೆಯ ಕೀರ್ತನೆಯದಾಗಿರಲಿಲ್ಲ. ತಿಯೊಡೋರ್ ಬೆಜಾ ಪದ್ಯರೂಪಕ್ಕೆ ತಂದಿದ್ದ ನೂರಮೂವತ್ತನಾಲ್ಕನೆಯ ಕೀರ್ತನೆಯದಾಗಿದ್ದಿತು. ಇದನ್ನು ರಚಿಸಿದವನು ಲೂಯಿ ಬೂರ್ಜ್ವಾ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಜನರಿಗೆ ರೂಢಿಯಾಗಿದ್ದ ಧಾಟಿಗಳನ್ನು ಅಪ್ಪಣೆಯಿಲ್ಲದೆ ಮಾರ್ಪಡಿಸಿದನೆಂದು ನಗರದ ಆಡಳಿತದವರು ಆತನನ್ನು ಸೆರೆಗೆ ಹಾಕಿದರು. ಕ್ಯಾಲ್ವಿನ್ ಮಧ್ಯೆ ಬಂದು ಬಿಡಿಸಬೇಕಾಯಿತು. ಜನರು ನಾಲಿಗೆಯ ಮೇಲಿನ ಧಾಟಿಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಧಾಟಿಯ ಆಕಾರ ಬಹು ಸರಳವಾದುದು. ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ, ಅಕ್ಷರಕ್ಕೊಂದು ಸ್ವರ. ಸ್ವರಗಳು ನಮ್ಮ ಶಂಕರಾಭರಣದವು. ಆದರೆ ಗಮಕವಿಲ್ಲ, ಸಂಚಾರವಿಲ್ಲ, ಹೆಜ್ಜೆಯ ಮೇಲೆ ಹೆಜ್ಜೆಯಿಡುವ ನಡಿಗೆ ಮಾತ್ರ. ಮೊದಲ ಸಾಲು ಷಡ್ಜದಿಂದ ಮಂದ್ರ ಪಂಚಮಕ್ಕೆ ಇಳಿದು ಗಾಂಧಾರಕ್ಕೆ ಏರುತ್ತದೆ. ಎರಡನೆಯದು ಗಾಂಧಾರದಲ್ಲಿ ನಿಂತು, ಮಧ್ಯಮವನ್ನು ಮುಟ್ಟಿ ರಿಷಭಕ್ಕೆ ಬರುತ್ತದೆ. ಮೂರನೆಯದು ಷಡ್ಜದಿಂದ ಹೊರಟು ಷಡ್ಜಕ್ಕೇ ಮರಳುತ್ತದೆ. ನಾಲ್ಕನೆಯ ಸಾಲಿನ ಮೊದಲ ಅಕ್ಷರದಲ್ಲಿ ಮಾತ್ರ ದನಿ ಒಮ್ಮೆಗೇ ಮಧ್ಯಸ್ಥಾಯಿಯ ಪಂಚಮಕ್ಕೆ ನೆಗೆಯುತ್ತದೆ. ಇಡೀ ಧಾಟಿಯಲ್ಲಿ ಅತ್ಯುಚ್ಚ ಸ್ವರವು ಇದೊಂದೇ. ಬರುವುದೂ ಒಂದೇ ಸಲ. ವಾಚಕರು ಈ ಸ್ಥಾನವನ್ನು ನೆನಪಿನಲ್ಲಿಡಬೇಕು. ಮುಂದಿನ ನಮ್ಮ ಮಾತೆಲ್ಲ ಇದನ್ನೇ ಅವಲಂಬಿಸಿದೆ.

ಈ ಧಾಟಿಗೆ ನೂರನೆಯ ಕೀರ್ತನೆಯನ್ನು ಇಂಗ್ಲಿಷಿನಲ್ಲಿ ಕೂಡಿಸಿದವನು ವಿಲಿಯಂ ಕೆತ್. ರಾಣಿ ಮೇರಿಯ ಆಳಿಕೆಯಲ್ಲಿ (1553–1558) ಪ್ರಾಟೆಸ್ಟಂಟರು ಇಂಗ್ಲೆಂಡನ್ನು ಬಿಟ್ಟು ಓಡಿದಾಗ ಆತನೂ ಫ್ರಾಂಕ್‌ಫರ್ಟಿಗೆ ಹೋಗಿ, ಅಲ್ಲಿಂದ ಜಿನೀವಾ ಸೇರಿದನು. ಸುತ್ತಲೂ ಫ್ರೆಂಚ್ ಮಾತು; ಅದರ ನಡುವೆ ದೇಶಭ್ರಷ್ಟರಾದ ಬೆರಳೆಣಿಕೆಯ ಜನರ ಇಂಗ್ಲಿಷ್ ಸಭೆ. ಆ ಸಭೆಯವರು ಊರಿನವರ ಧಾಟಿಯನ್ನು ಕೇಳಿ ಕಲಿತರು, ಮಾತನ್ನು ಮಾತ್ರ ತಮ್ಮದಾಗಿಯೇ ಉಳಿಸಿಕೊಂಡರು. ಕೆತ್‌ನ ಗೀತ 1561ರಲ್ಲಿ ಅಚ್ಚಾಯಿತು. 1696ರಲ್ಲಿ ಟೇಟ್ ಮತ್ತು ಬ್ರೇಡಿ ಎಂಬವರ ಹೊಸ ಕೀರ್ತನಾನುವಾದ ಬಂದ ಮೇಲೆ ಹಿಂದಿನದು 'ಹಳೆಯದು' ಎನಿಸಿತು. ಧಾಟಿಗೆ ಈಗಿನ ಹೆಸರು ಬಂದುದು ಹಾಗೆ.

ಕೆತ್‌ನ ಗುಣವೇನು? ಆತನ ಪದಗಳಲ್ಲಿ ಬಹುಪಾಲು ಏಕಾಕ್ಷರಿಗಳು. ಅಲಂಕಾರವಿಲ್ಲ, ಕಲ್ಪನೆಯ ವಿಲಾಸವಿಲ್ಲ. ಏಕಾಂತದಲ್ಲಿ ಕುಳಿತು ಓದುವವನಿಗೆ ಇದು ಒಣಗಿದಂತೆ ತೋರಬಹುದು. ಆದರೆ ಅಕ್ಷರಕ್ಕೊಂದು ಸ್ವರವಿರುವಲ್ಲಿ, ಸ್ವರಕ್ಕೊಂದು ಪದವಿದ್ದರೆ ಓದುಬಾರದವನೂ ಸಭೆಯ ಜೊತೆ ತಪ್ಪದೆ ಹಾಡಬಲ್ಲನು. ಇಂಥ ಸರಳತೆಯನ್ನು ಬಡತನವೆಂದು ಕರೆಯುವುದು ವಿಮರ್ಶೆಯಲ್ಲ. ಅಚ್ಚಿನ ತಪ್ಪೂ ಈ ಗೀತಕ್ಕೆ ಅಂಟಿಕೊಂಡಿತು. 'ಜನ' ಎಂಬರ್ಥದ 'ಫೋಕ್' ಎಂಬ ಪದವು, ಹಳೆಯ ಕಾಗುಣಿತದ ದೆಸೆಯಿಂದ, 'ಮಂದೆ' ಎಂಬರ್ಥದ 'ಫ್ಲಾಕ್' ಆಗಿ ಮಾರ್ಪಟ್ಟಿತೆಂದು ಬಲ್ಲವರು ಹೇಳುತ್ತಾರೆ. ಮುಂದಿನ ಸಾಲಿನಲ್ಲಿ ಕುರಿಗಳ ಮಾತು ಬರುವುದರಿಂದ ತಪ್ಪು ಹೊಂದಿಕೊಂಡೇ ಹೋಯಿತು. ಆದರೆ ಮೊದಲು ಜನ, ಬಳಿಕ ಕುರಿ ಎಂಬ ಮೂಲದ ಕ್ರಮ ಕೆಟ್ಟಿತು.

ದೋಷವೂ ಇದೆ. ನಾಲ್ಕನೆಯ ಸಾಲಿನ ಆ ಪಂಚಮವು ಕೆತ್‌ನ ಮೊದಲ ಪದ್ಯದಲ್ಲಿ 'ಬನ್ನಿ' ಎಂಬ ಕರೆಯ ಮೇಲೆ ಬೀಳುತ್ತದೆ. ಇದಕ್ಕಿಂತ ಉಚಿತವಾದುದು ಬೇರೊಂದಿಲ್ಲ. ಆದರೆ ಉಳಿದ ಮೂರು ಪದ್ಯಗಳಲ್ಲಿ ಅದು 'ಮತ್ತು', 'ಏಕೆಂದರೆ' ಎಂಬರ್ಥದ ಬರಿಯ ಅವ್ಯಯಗಳ ಮೇಲೆ ಬೀಳುತ್ತದೆ. ಇಡೀ ಸಭೆ ದನಿಯೆತ್ತಿ ಕೂಗುವುದು ಒಂದು ಸಂಯೋಜಕ ಪದವನ್ನು! ಅಕ್ಷರಗಣನೆ ಸರಿ, ಕೂಡಿಕೆ ಸರಿಯಲ್ಲ.

ಇನ್ನು ಥಾಮಸ್ ಕೆನ್ (1637–1711). ವಿಂಚೆಸ್ಟರ್ ಶಾಲೆಯ ವಿದ್ಯಾರ್ಥಿಗಳಿಗಾಗಿ ಈತನು ಬರೆದ ಪ್ರಾರ್ಥನಾಪುಸ್ತಕ 1674ರಲ್ಲಿ ಪ್ರಕಟವಾಯಿತು. ಮುಂಜಾನೆ, ಸಂಜೆ, ನಡುರಾತ್ರಿಗಳ ಮೂರು ಗೀತಗಳು ಅದರ 1695ರ ಆವೃತ್ತಿಯಲ್ಲಿ ಸೇರಿದುವು. ಮೂರೂ ಗೀತಗಳು ಒಂದೇ ಸ್ತುತಿಪದ್ಯದಿಂದ ಮುಗಿಯುತ್ತವೆ. ಲೋಕದಲ್ಲಿ ಉಳಿದುದು ಮುಖ್ಯವಾಗಿ ಆ ನಾಲ್ಕು ಸಾಲು. ಕೆನ್ ಬಿಷಪ್ಪನಾದ ಮೇಲೆ, 1688ರಲ್ಲಿ ದೊರೆ ಎರಡನೆಯ ಜೇಮ್ಸನ ಘೋಷಣೆಯನ್ನು ಚರ್ಚುಗಳಲ್ಲಿ ಓದಿಸಲೊಪ್ಪದೆ ಇತರ ಆರು ಬಿಷಪ್ಪರೊಡನೆ ಲಂಡನ್ ಟವರಿನ ಸೆರೆ ಕಂಡನು. ಆ ದೊರೆಯೇ ಪದಚ್ಯುತನಾದಾಗ, ಅವನಿಗೆ ಕೊಟ್ಟ ಮಾತನ್ನು ಮುರಿದು ಹೊಸ ದೊರೆಗೆ ಪ್ರಮಾಣ ಮಾಡಲೊಲ್ಲದೆ 1691ರಲ್ಲಿ ತನ್ನ ಪದವಿಯನ್ನೇ ಕಳೆದುಕೊಂಡನು.

ಕೆನ್‌ನ ಸ್ತುತಿಯಲ್ಲಿ ನಾಲ್ಕು ಸಾಲುಗಳೂ 'ಸ್ತುತಿಸಿರಿ' ಎಂಬರ್ಥದ ಒಂದೇ ಪದದಿಂದ ಆರಂಭವಾಗುತ್ತವೆ. ಮೂರು ಸಲ ತಗ್ಗಿನಲ್ಲಿ ಕೇಳಿಸಿದ ಆ ಪದ ನಾಲ್ಕನೆಯ ಸಲ ಪಂಚಮದ ಮೇಲೆ ಏರಿ ನಿಲ್ಲುತ್ತದೆ. ಅಲ್ಲಿಯೇ ತಂದೆ, ಮಗ, ಪವಿತ್ರಾತ್ಮರೆಂಬ ಮೂವರ ಹೆಸರೂ ಬರುತ್ತದೆ. ಕೆನ್ ಇದನ್ನು ಈ ಧಾಟಿಗಾಗಿಯೇ ಕಟ್ಟಿದವನಲ್ಲ. ಆತನ ಸಂಜೆಯ ಗೀತವನ್ನು ಇಂದಿಗೂ ಟ್ಯಾಲಿಸ್ ಎಂಬವನ ಬೇರೊಂದು ಧಾಟಿಯಲ್ಲಿ ಹಾಡುತ್ತಾರೆ. ಹೀಗಿದ್ದೂ ಕೂಡಿಕೆಯಲ್ಲಿ ಆತನದೇ ಮೇಲುಗೈಯೆಂದು ನಮ್ಮ ಅಭಿಪ್ರಾಯ. ಧಾಟಿಯೊಂದು ತನ್ನ ಮಾತಿಗಾಗಿ ನೂರಾರು ವರ್ಷ ಕಾಯಬಲ್ಲುದು.

ಜರ್ಮನ್ ಭಾಷೆಯಲ್ಲಿ ಇದೇ ಧಾಟಿ ಪಾಲ್ ಏಬರನ ದೇವದೂತಗೀತಕ್ಕೆ ಸಂದಿತು. ಅದರ ಮೂಲ ಮೆಲಾಂಕ್ತನ್ ಬರೆದ ಲ್ಯಾಟಿನ್ ಕವಿತೆ. 1724ರಲ್ಲಿ ಬಾಖ್ ತನ್ನ ಒಂದು ಕಂಟಾಟವನ್ನು ಅದರ ಮೇಲೆಯೇ ಕಟ್ಟಿದನು. ಜಿನೀವಾದಲ್ಲಿ ವಾದ್ಯವಿಲ್ಲದೆ ಏಕಕಂಠದಿಂದ ಹಾಡಿದ ಧಾಟಿಗೆ ಅಲ್ಲಿ ಕಹಳೆ, ನಗಾರಿಗಳ ಮೇಳ ದೊರೆಯಿತು.

ಕನ್ನಡದ ಮಾತೇನು? ಬೈಬಲಿನ ಈ ಪದ್ಯಗಳಿಗೆ ಕನ್ನಡದಲ್ಲಿ 'ಕೀರ್ತನೆಗಳು' ಎಂದೇ ಹೆಸರು. ಪುರಂದರದಾಸರ ರಚನೆಗಳಿಗೂ ಅದೇ ಹೆಸರು. ಹೆಸರು ಕೂಡಿದಷ್ಟು ಸುಲಭವಾಗಿ ಛಂದಸ್ಸು ಕೂಡುವುದಿಲ್ಲ. ಎಂಟು ಅಕ್ಷರಗಳಲ್ಲಿ ಇಂಗ್ಲಿಷಿಗೆ ಏಳೆಂಟು ಪದ. ವಿಭಕ್ತಿಪ್ರತ್ಯಯಗಳನ್ನು ಹೊತ್ತ ಕನ್ನಡಕ್ಕೆ ಮೂರು ಪದವಾದರೆ ಹೆಚ್ಚು. ಮೇಲಾಗಿ ನಮ್ಮ ನಡೆ ಮಾತ್ರೆಯದು. ಲಘುವನ್ನು ಗುರುವಿನಷ್ಟೇ ಎಳೆದರೆ ಕನ್ನಡ ಕುಂಟುತ್ತದೆ. ಆದರೆ ಒಂದು ಅನುಕೂಲವೂ ಉಂಟು. ನಮ್ಮ ಸಮುಚ್ಚಯದ 'ಊ'ಕಾರ, ಕಾರಣ ಹೇಳುವ 'ಆದುದರಿಂದ' ಮೊದಲಾದುವು ಹೆಚ್ಚಾಗಿ ಪದದ, ವಾಕ್ಯದ ಹಿಂದೆ ಬರತಕ್ಕವು. ಆದಿಪ್ರಾಸವಂತೂ ಕಿವಿಯನ್ನು ಸಾಲಿನ ಆರಂಭಕ್ಕೇ ಎಳೆಯುತ್ತದೆ. ಆದುದರಿಂದ ಕೆತ್ ಎಡವಿದ ಸ್ಥಾನದಲ್ಲಿ ಕನ್ನಡ ಕವಿ ನೆಟ್ಟಗೆ ನಿಲ್ಲಬಲ್ಲನು. ಬಾಸೆಲ್ ಮಿಶನ್ನಿನ ಕಿಟ್ಟೆಲರು ಹಿಡಿದ ದಾರಿಯೇ ಬೇರೆ. ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿದ ಆ ಪಂಡಿತರು, ಕ್ರಿಸ್ತನ ಚರಿತ್ರೆಯನ್ನು 'ಕಥಾಮಾಲೆ'ಯಲ್ಲಿ ಕನ್ನಡ ಕಾವ್ಯದ ರೀತಿಯಲ್ಲಿಯೇ ಹೇಳಿದರು. ಪರದೇಶದ ಧಾಟಿಗೆ ಕನ್ನಡವನ್ನು ಬಗ್ಗಿಸುವುದೊಂದು ದಾರಿ. ಕನ್ನಡದ ಧಾಟಿಗೆ ಪರದೇಶದ ವಸ್ತುವನ್ನು ತರುವುದು ಮತ್ತೊಂದು. ಎರಡಕ್ಕೂ ಭಾಷೆಯ ಹೆಜ್ಜೆಯ ಅರಿವು ಬೇಕು.

ಉಪಾಧ್ಯಾಯರು ತರಗತಿಯಲ್ಲಿ ಒಂದು ಪ್ರಯೋಗ ಮಾಡಿ ನೋಡಬಹುದು. ಎಂಟಕ್ಷರದ ನಾಲ್ಕು ಸಾಲನ್ನು ವಿದ್ಯಾರ್ಥಿಗಳಿಂದ ಕಟ್ಟಿಸಿ, ನಾಲ್ಕನೆಯ ಸಾಲಿನ ಮೊದಲಿಗೆ ಯಾವ ಪದ ಬಂದಿತೆಂದು ಕೇಳಲಿ. ಲಕ್ಷಣಗ್ರಂಥದಲ್ಲಿ ತಿಳಿಯದುದು ಆಗ ಗಂಟಲಿಗೇ ತಿಳಿಯುತ್ತದೆ.

1953ರ ಜೂನ್ 2ರಂದು ರಾಣಿ ಎರಡನೆಯ ಎಲಿಜಬೆತ್ತಳ ಪಟ್ಟಾಭಿಷೇಕದಲ್ಲಿ, ವಾನ್ ವಿಲಿಯಮ್ಸ್ ಹೊಂದಿಸಿಕೊಟ್ಟಂತೆ, ನೆರೆದ ಸಭೆಯೆಲ್ಲ ಎದ್ದು ಹಾಡಿದುದು ಕೆತ್‌ನ ಇದೇ ಗೀತವನ್ನು. ಮೇರಿಯ ಕಾಲದಲ್ಲಿ ಪರನಾಡು ಸೇರಿದ್ದ ಒಂದು ಚಿಕ್ಕ ಸಭೆಯ ನುಡಿ, ನಾನ್ನೂರು ವರ್ಷಗಳ ತರುವಾಯ ತಾಯ್ನಾಡಿನ ಸಿಂಹಾಸನದ ಮುಂದೆ ಕೇಳಿಸಿತು. ಸೀಮೆಯ ಹೊರಗಿದ್ದು ಮಾತನ್ನು ಕಾಯುತ್ತಿರುವ ನಾವು ಇದನ್ನು ಮರೆಯಬಾರದು.