ಶ್ರೇಯಾಂಕದ ಕಣ್ಣಿಗೆ ಬೀಳದ್ದು

ಎನ್‌ಐಆರ್‌ಎಫ್ ಪಟ್ಟಿ ಹೊರಬಿದ್ದ ಮರುದಿನ ಪತ್ರಿಕೆಗಳಲ್ಲಿ ಯಾರು ಏರಿದರು, ಯಾರು ಇಳಿದರು ಎಂಬುದೇ ಸುದ್ದಿ. ಅಳೆದದ್ದು ಹೇಗೆ ಎಂದು ಕೇಳುವವರು ಕಡಿಮೆ. ಸಾಹಿತ್ಯದ ವಿದ್ಯಾರ್ಥಿಗಳಾದರೂ ಈ ಪಟ್ಟಿಯನ್ನು ಒಂದು ಪಠ್ಯದಂತೆ ಓದಬೇಕು.

ಕೇಂದ್ರ ಸರ್ಕಾರ 2016ರಿಂದ ಪ್ರಕಟಿಸುತ್ತಿರುವ ಈ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳಿಗೆ ನೂರು ಅಂಕ. ಬೋಧನೆ ಮತ್ತು ಸಂಪನ್ಮೂಲಕ್ಕೆ 30, ಸಂಶೋಧನೆಗೆ 30, ಪದವಿ ಫಲಿತಾಂಶಕ್ಕೆ 20, ಮಹಿಳೆಯರು, ಬಡವರು, ಹೊರರಾಜ್ಯದವರಿಗೆ ಕೊಟ್ಟ ಅವಕಾಶಕ್ಕೆ 10, ವಿದ್ವಾಂಸರು ಮತ್ತು ಉದ್ಯೋಗದಾತರ ಅಭಿಪ್ರಾಯಕ್ಕೆ 10. ಬಡ ವಿದ್ಯಾರ್ಥಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ಮೆಚ್ಚತಕ್ಕದ್ದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಮೊದಲಿನಿಂದಲೂ ಅಗ್ರಸ್ಥಾನದಲ್ಲಿರುವುದಕ್ಕೂ ತಕರಾರಿಲ್ಲ.

ತಕರಾರಿರುವುದು ಸಂಶೋಧನೆಯ 30 ಅಂಕಗಳ ಬಗ್ಗೆ. ಅಲ್ಲಿ ಎಣಿಕೆಯಾಗುವುದು ಮುಖ್ಯವಾಗಿ ಸ್ಕೋಪಸ್, ವೆಬ್ ಆಫ್ ಸೈನ್ಸ್ ಸೂಚಿಗಳಲ್ಲಿ ದಾಖಲಾದ ಲೇಖನಗಳು, ಅವುಗಳ ಉಲ್ಲೇಖಗಳು, ಪೇಟೆಂಟ್‌ಗಳು, ಯೋಜನೆಗಳಿಗೆ ಬಂದ ಹಣ. ಭೌತವಿಜ್ಞಾನಿಗೆ ಇದು ಬಹುಮಟ್ಟಿಗೆ ಸರಿಹೊಂದುತ್ತದೆ. ಕನ್ನಡದಲ್ಲೇ ಬರೆಯುವ ಶಾಸನತಜ್ಞ ಆ ಸೂಚಿಗಳಿಗೆ ಕಾಣುವುದೇ ಅಪರೂಪ.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯವನ್ನೇ ನೋಡಿ. 1946ರ ಇಂಗ್ಲಿಷ್-ಕನ್ನಡ ನಿಘಂಟು, ಕನ್ನಡ ವಿಶ್ವಕೋಶದ ಸಂಪುಟಗಳು, ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿ, ಹಳ್ಳಿಗಳಿಗೆ ವಿದ್ಯೆಯನ್ನು ಒಯ್ದ ಪ್ರಚಾರೋಪನ್ಯಾಸಗಳು: ಕನ್ನಡ ನಾಡು ಈ ಸಂಸ್ಥೆಯನ್ನು ವಿಶ್ವವಿದ್ಯಾಲಯವೆಂದು ಬಲ್ಲದ್ದು ಇವುಗಳಿಂದ. ಇಂಥ ಕೆಲಸವನ್ನು ಇಂದು ಒಂದು ಕನ್ನಡ ವಿಭಾಗ ಕೈಗೆತ್ತಿಕೊಂಡರೆ ಹತ್ತಾರು ವರ್ಷ ದುಡಿಯಬೇಕು. ಶ್ರೇಯಾಂಕದಲ್ಲಿ ಅದಕ್ಕೆ ಸಿಗುವುದು ಹೆಚ್ಚುಕಡಿಮೆ ಸೊನ್ನೆ.

ಈ ಸೊನ್ನೆಯ ಪರಿಣಾಮ ಪಟ್ಟಿಯೊಳಗೇ ನಿಲ್ಲುವುದಿಲ್ಲ. ಅಂಕ ಸಿಗದ ಕೆಲಸಕ್ಕೆ ಆಡಳಿತ ಹುದ್ದೆ ಕೊಡಲು ಹಿಂಜರಿಯುತ್ತದೆ. ಸಂಶೋಧಕ ಹಸ್ತಪ್ರತಿ ಬಿಟ್ಟು, ಬೇಗ ಅಚ್ಚಾಗುವ ಇಂಗ್ಲಿಷ್ ಲೇಖನದ ಕಡೆ ತಿರುಗುತ್ತಾನೆ. ಹಳಗನ್ನಡ ಓದಬಲ್ಲ ಅಧ್ಯಾಪಕರು ನಿವೃತ್ತರಾದ ಮೇಲೆ ಆ ವಿದ್ಯೆಯನ್ನು ಯಾವ ಸೂಚಿಯೂ ಮರಳಿ ತಂದುಕೊಡಲಾರದು.

ಹಾಗೆಂದು ಮೌಲ್ಯಮಾಪನವೇ ಬೇಡವೆನ್ನಲಾಗದು. ಕನ್ನಡದಲ್ಲಿ ಕಳಪೆ ಪ್ರಬಂಧಗಳು ಬರುತ್ತಿಲ್ಲವೆ? ಗ್ರಂಥಸಂಪಾದನೆ, ನಿಘಂಟು, ಅನುವಾದಗಳನ್ನು ಆಯಾ ಕ್ಷೇತ್ರದ ತಜ್ಞರು ಓದಿ ಅಂಕ ಕೊಡಲಿ. ಅದು ನಿಧಾನದ ಕೆಲಸ, ಹಣವೂ ಬೇಕು, ಆದರೆ ಅಸಾಧ್ಯವಲ್ಲ. ಅಲ್ಲಿಯವರೆಗೆ ಎಂ.ಎ.ಗೆ ಸೇರಹೊರಟ ವಿದ್ಯಾರ್ಥಿ ಶ್ರೇಯಾಂಕದ ಜೊತೆಗೆ, ಆ ವಿಭಾಗ ಕಳೆದ ಹತ್ತು ವರ್ಷಗಳಲ್ಲಿ ತಂದ ಪುಸ್ತಕಗಳನ್ನೂ ತಿರುವಿ ನೋಡುವುದು ಒಳ್ಳೆಯದು.